ಗುಡ್ಡದ ಬೆಂಕಿ ಆರಿಸಿದವರಿಗೆಲ್ಲ ಊರಿನಿಂದ ಸನ್ಮಾನ ಮಾಡಬೇಕೆಂದಿದ್ದೇವೆ, ಹೇಗೆ ಮಾಡಿದರೆ ಚೆನ್ನ?

ಬೆಂಕಿ ಆರಿದ ವಾರದಲ್ಲೇ ಶಾಮಿಯಾನ ಹಾಕಿಸಿ, ಶಾಲು, ಹಾರ, ಫಲತಾಂಬೂಲ ಕೊಡಬೇಕು, ಯಾರ್ಯಾರನ್ನು ವೇದಿಕೆಗೆ ಕರೆಯೋಣ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನಮ್ಮ ಗುಂಡ್ಲುಪೇಟೆ ಕಡೆಯ 2019ರ ಫೆಬ್ರುವರಿ ನೆನಪಾಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತ ದಿನಗಟ್ಟಲೆ ಉರಿದು ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋಯಿತು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಸುರಿದವು. ಟೀವಿಯಲ್ಲಿ ಜನ ಕಂಡಿದ್ದು ಆ ಹೆಲಿಕಾಪ್ಟರುಗಳನ್ನು. ಕೆಳಗೆ ಹಸಿ ಸೊಪ್ಪು ಹಿಡಿದು ಬಡಿಯುತ್ತಿದ್ದವರು ಅರಣ್ಯ ಸಿಬ್ಬಂದಿ, ಹಾಡಿಗಳಿಂದ (ಕಾಡಂಚಿನ ಆದಿವಾಸಿ ಕೇರಿಗಳಿಂದ) ಬಂದ, ಬೇಸಿಗೆಯಲ್ಲಿ ಬೆಂಕಿ ಕಾಯುವ ದಿನಗೂಲಿ ಫೈರ್ ವಾಚರುಗಳು, ಅಗ್ನಿಶಾಮಕ ದಳದವರು, ಮೈಸೂರು ಬೆಂಗಳೂರುಗಳಿಂದ ಬಂದ ಸ್ವಯಂಸೇವಕರು. ಇಷ್ಟು ಕೈ ಸೇರಿದ ಕೆಲಸಕ್ಕೆ ವಂದನೆ ಹೇಳುವಾಗ ಊರುಗಳು ಮಾಡುವ ದೊಡ್ಡ ತಪ್ಪು ಒಂದೇ: ಫೋಟೋ ನೋಡಿ ಪಟ್ಟಿ ಬರೆಯುವುದು.

ಬೆಂಕಿಯ ಮುಂದೆ ನಿಂತವರ ಎರಡು ಕೈಗೂ ಕೆಲಸ ಇರುತ್ತದೆ. ಫೋಟೋ ತೆಗೆಯುವವರು ರಸ್ತೆ ಬದಿಯಲ್ಲಿರುತ್ತಾರೆ. ವಾಟ್ಸಾಪಿನಲ್ಲಿ ಬಂದ ಚಿತ್ರಗಳಿಂದ ಹೆಸರು ಆರಿಸಿದರೆ ಹೊಗೆ ಮೊದಲು ಕಂಡು ಫೋನ್ ಮಾಡಿದ ದನಗಾಹಿ, ಒಳದಾರಿ ತೋರಿಸಿದ ಹಿರಿಯರು, ನೀರಿನ ಟ್ಯಾಂಕರ್ ಎಳೆದ ಟ್ರ್ಯಾಕ್ಟರ್ ಡ್ರೈವರ್, ಚಿತ್ರಾನ್ನ ಕಟ್ಟಿ ಕಳಿಸಿದ ಹೆಂಗಸರು ಎಲ್ಲರೂ ಬಿಟ್ಟುಹೋಗುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವವರು ಬೆಂಕಿ ಅಡಗಿದ ಮೇಲೆ ಕಾವಲು ಕೂತವರು. ಜ್ವಾಲೆ ಇಳಿದ ಮೇಲೂ ಬಿದ್ದ ಮರದ ಬೊಡ್ಡೆ, ಬಿದಿರು ಮೆಳೆಯ ಬುಡ, ಒಣಗಿದ ಆನೆಲದ್ದಿ ಒಳಗೊಳಗೇ ದಿನಗಟ್ಟಲೆ ಕೆಂಡವಾಗಿರುತ್ತವೆ. ಮಧ್ಯಾಹ್ನದ ಗಾಳಿಗೆ ಒಂದು ಕಿಡಿ, ಬೆಂಕಿ ತಡೆಯಲು ಎಲೆ ಹುಲ್ಲು ಸರಿಸಿ ಮಾಡಿದ ಗೆರೆ ದಾಟಿದರೆ ಮತ್ತೆ ಮೊದಲಿನಿಂದ ಶುರು. ಬೊಡ್ಡೆ ಮಗುಚಿ, ನೀರು ಹೊಯ್ದು, ಮಣ್ಣು ಸೇರಿಸಿ ಕಲಸಿ, ಅಂಗೈಯ ಹಿಂಬದಿಯನ್ನು ಹತ್ತಿರ ತಂದು ಕಾವು ಇದೆಯೇ ಎಂದು ಒಂದೊಂದನ್ನೂ ನೋಡಬೇಕು. ಆ ಕೆಲಸದ ಫೋಟೋ ಯಾರ ಬಳಿಯೂ ಇರುವುದಿಲ್ಲ.

ಇದು ಬರೀ ಮನಸ್ತಾಪದ ವಿಷಯ ಅಂದುಕೊಳ್ಳಬೇಡಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿ ಮೇಲೇರುವ ವೇಗ ಸುಮಾರು ದುಪ್ಪಟ್ಟಾಗುತ್ತದೆ. ಬುಡದಲ್ಲಿ ಹತ್ತು ಜನ ಬಡಿದು ಆರಿಸಬಹುದಾಗಿದ್ದ ಬೆಂಕಿಗೆ ಗುಡ್ಡದ ನೆತ್ತಿಯಲ್ಲಿ ನೂರು ಜನ ಸಾಲುವುದಿಲ್ಲ. ಆ ಮೊದಲ ಹತ್ತು ಜನ ಯಾರು? ಹೊಗೆ ಕಂಡವರು, ದಾರಿ ಗೊತ್ತಿದ್ದವರು, ಟ್ರ್ಯಾಕ್ಟರ್ ಇದ್ದವರು. ಪಟ್ಟಿಯಿಂದ ಬಿಟ್ಟವರೂ ಅವರೇ. ಮುಂದಿನ ಬೇಸಿಗೆಯಲ್ಲಿ ಅವರು ಅರ್ಧ ಗಂಟೆ ತಡವಾಗಿ ಹೊರಟರೂ ಊರಿಗೆ ನಷ್ಟ.

ಆದ್ದರಿಂದ ವೇದಿಕೆಯ ಮಾತು ಆಮೇಲೆ. ಮೂರು ದಿನದೊಳಗೆ ಎಲ್ಲರೂ ಒಂದು ಕಡೆ ಕೂತು, ನೆನಪು ಹಸಿಯಾಗಿರುವಾಗಲೇ ಪುಸ್ತಕದಲ್ಲಿ ಬರೆಯಿರಿ. ಗಂಟೆಯ ಲೆಕ್ಕದಲ್ಲಿ ಹೋಗಿ: ಮೊದಲು ಕಂಡವರು, ಫೋನ್ ಮಾಡಿದವರು, ಯಾವ ಬದಿಯಲ್ಲಿ ಯಾರು ನಿಂತರು, ನೀರು ಎಲ್ಲಿಂದ ಬಂತು, ಊಟ ಯಾರು ತಂದರು, ರಾತ್ರಿ ಯಾರು ಉಳಿದರು. ಹೆಸರು, ಊರು, ಮಾಡಿದ ಕೆಲಸ, ಎಷ್ಟರಿಂದ ಎಷ್ಟು ಗಂಟೆವರೆಗೆ, ಕೈಯಿಂದ ಹೋದದ್ದೇನು ಎಂದು ಐದು ಕಾಲಂ ಸಾಕು. ಬರೆದದ್ದನ್ನು ಹಾಡಿಯಲ್ಲೂ ಹೋಗಿ ಓದಿ ಹೇಳಿ. ಬಿಟ್ಟುಹೋದ ಹೆಸರು ಅಲ್ಲಿ ಸಿಗುತ್ತದೆ.

ಐದನೆಯ ಕಾಲಂ ತುಂಬ ಮುಖ್ಯ. ಟ್ರ್ಯಾಕ್ಟರಿನ ಡೀಸೆಲ್, ಹಾಳಾದ 16 ಲೀಟರಿನ ಸ್ಪ್ರೇಯರ್, ಸುಟ್ಟ ಚಪ್ಪಲಿ, ತಪ್ಪಿದ ಕೂಲಿ, ಇವನ್ನು ಮೊದಲು ತುಂಬಿಕೊಡಿ. ಶಾಮಿಯಾನಕ್ಕೆ ಎತ್ತಿಟ್ಟ ಹಣ ಇದಕ್ಕೇ ಹೋಗಲಿ. ಗ್ರಾಮ ಅರಣ್ಯ ಸಮಿತಿ ಇದ್ದರೆ ನಡಾವಳಿ ಪುಸ್ತಕದಲ್ಲಿ ಬರೆದು, ರಶೀದಿ ಇಟ್ಟು ಕೊಡಿ. ಕೆಮ್ಮು, ಉಬ್ಬಸ, ಕಣ್ಣುರಿ ಕಡಿಮೆಯಾಗದವರನ್ನು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಡಿ ಖರ್ಚು ಊರಿನದ್ದಾಗಲಿ.

ದಿನಗೂಲಿ ವಾಚರುಗಳಿಗೆ ಹಾರಕ್ಕಿಂತ ಒಂದು ಪತ್ರ ಉಪಯೋಗಕ್ಕೆ ಬರುತ್ತದೆ. ವಲಯ ಅರಣ್ಯಾಧಿಕಾರಿಗೆ ಬರೆದು, ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಪ್ರತಿ ಕಳಿಸಿ. ಪ್ರತಿಯೊಬ್ಬರ ಹೆಸರು, ದಿನಾಂಕ, ಜಾಗ, ಮಾಡಿದ ಕೆಲಸ ಸ್ಪಷ್ಟವಾಗಿರಲಿ. ‘ಸಿಬ್ಬಂದಿ ವರ್ಗಕ್ಕೆ ಧನ್ಯವಾದ’ ಎಂದು ಒಟ್ಟಾಗಿ ಬರೆದರೆ ಯಾರಿಗೂ ಸೇರುವುದಿಲ್ಲ. ಒಂದು ಪ್ರತಿಯನ್ನು ಅವರ ಕೈಗೇ ಕೊಡಿ, ತಾವು ಅಲ್ಲಿದ್ದೆವು ಎಂಬುದಕ್ಕೆ ಅವರ ಬಳಿ ಬೇರೆ ಕಾಗದ ಇರುವುದಿಲ್ಲ.

ಶಾಲು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. 2017ರಲ್ಲಿ ಇದೇ ಬಂಡೀಪುರದ ಬೆಂಕಿಯಲ್ಲಿ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಬೆಂಕಿಗೆ ಹೋಗುವವರಿಗೆ ಮೈ ಕಾಯುವ ವಸ್ತು ಕೊಡಬೇಕು: ಕಣಕಾಲು ಮುಚ್ಚುವ ಲೇಸ್ ಇರುವ ಚರ್ಮದ ಬೂಟು, ಚರ್ಮದ ಕೈಗವಸು, ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ತಲೆಗೆ ಕಟ್ಟುವ ಟಾರ್ಚ್, ಎರಡು ಲೀಟರಿನ ನೀರಿನ ಕ್ಯಾನ್, ಓಆರ್‌ಎಸ್ ಪೊಟ್ಟಣ. ಊರಿನ ಹೆಸರು ಅಚ್ಚು ಹಾಕಿಸಿದ ಪಾಲಿಯೆಸ್ಟರ್ ಟೀ-ಶರ್ಟ್ ಮಾತ್ರ ಕೊಡಲೇಬೇಡಿ. ಕಾವಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹುಡುಗರು ಅಭಿಮಾನದಿಂದ ಅದನ್ನೇ ಹಾಕಿಕೊಂಡು ಬೆಂಕಿಗೆ ಹೋಗುತ್ತಾರೆ. ಎಲ್ಲರಿಗೂ ಕೊಡುವಷ್ಟು ಹಣ ಇಲ್ಲದಿದ್ದರೆ ಮೊದಲು ಓಡುವ ಹತ್ತು ಜನರಿಗೆ ಬೂಟು ಕೊಡಿಸಿ. ಉಳಿದದ್ದರಲ್ಲಿ ಊರಿಗೊಂದು ತರಗೆಲೆ ಊದುವ ಪೆಟ್ರೋಲ್ ಬ್ಲೋವರ್ ತಂದಿಡಿ. ಒಣ ಎಲೆ ಸರಿಸಿ ಗೆರೆ ಮಾಡಲು ಒಂದು ಬ್ಲೋವರ್ ಹಲವು ಪೊರಕೆಗಳ ಕೆಲಸ ಮಾಡುತ್ತದೆ.

ಕಾರ್ಯಕ್ರಮ ಈ ವಾರ ಬೇಡವೇ ಬೇಡ. ಮಳೆ ಬೀಳುವವರೆಗೆ ಬೆಂಕಿ ಕಾಲ ಮುಗಿಯುವುದಿಲ್ಲ. ನೀವು ವಂದಿಸಬೇಕಾದವರು ಇನ್ನೂ ಕಾವಲಿನಲ್ಲಿದ್ದಾರೆ, ಅವರನ್ನು ಒಂದು ಮಧ್ಯಾಹ್ನ ವೇದಿಕೆಗೆ ಎಳೆದು ತಂದರೆ ಆ ಹೊತ್ತಿಗೆ ಗುಡ್ಡ ಖಾಲಿ. ಜೂನ್‌ಗೆ ಹಾಕಿದರೆ ವಾಚರುಗಳ ಕೆಲಸದ ಅವಧಿ ಮುಗಿದು ಬೇರೆ ಕೂಲಿಗೆ ಹೋಗಿರುತ್ತಾರೆ. ಡಿಸೆಂಬರ್‌ನಲ್ಲಿ, ಬೆಂಕಿ ಹರಡದಂತೆ ಬಿಡುವ ಬೋಳು ಪಟ್ಟಿ, ಅಂದರೆ ಬೆಂಕಿ ರೇಖೆ, ಸವರಲು ಎಲ್ಲರೂ ಮತ್ತೆ ಸೇರುವ ಹೊತ್ತಿಗೆ ಇಟ್ಟುಕೊಳ್ಳಿ. ಪಟಾಕಿ ಬೇಡ, ಮರಕ್ಕೆ ಫ್ಲೆಕ್ಸ್ ಕಟ್ಟುವುದೂ ಬೇಡ. ಬೆಂಕಿ ಯಾರು ಹಚ್ಚಿದರು ಎಂಬ ಮಾತನ್ನು ಆ ದಿನ ಎತ್ತಬೇಡಿ, ತನಿಖೆ ಇಲಾಖೆ ಮಾಡಲಿ. ವೇದಿಕೆಯಿಂದ ದನಗಾಹಿಗಳನ್ನೋ ಹಾಡಿಯವರನ್ನೋ ಸಂಶಯಿಸಿ ಮಾತಾಡಿದರೆ ಕೊಟ್ಟ ಬೂಟಿಗೂ ಬೆಲೆ ಇರುವುದಿಲ್ಲ. ಪುಸ್ತಕದಲ್ಲಿರುವ ಹೆಸರುಗಳನ್ನು ಮಾಡಿದ ಕೆಲಸದ ಸಮೇತ ಓದಿ, ಒಟ್ಟಿಗೆ ಊಟ ಮಾಡಿ. ಆಮೇಲೆ ಸಿಬ್ಬಂದಿ ಗುರುತು ಹಾಕಿದ ಕಡೆ ಊರಂಚಿನ ಲಂಟಾನ, ಒಣಹುಲ್ಲು ಸವರಲು ಎಲ್ಲರೂ ಹೋಗಿ. ಸವರಿದ್ದನ್ನು ಸುಡುವುದು ಮಾತ್ರ ಇಲಾಖೆಯವರ ಕೆಲಸ, ಅದಕ್ಕೆ ನೀವು ಕೈ ಹಾಕಬೇಡಿ.