ತಮಾಷೆಗೆ ಹೇಳಿದ್ದು ಎಂದವರ ಎದುರು

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ನನ್ನ ಬಳಿ ಸಲಹೆಗೆ ಬಂದ ಯುವತಿಯೊಬ್ಬಳ ಒಪ್ಪಿಗೆ ಪಡೆದು ಆಕೆಯ ಪ್ರಕರಣವನ್ನು ಬರೆಯುತ್ತಿದ್ದೇನೆ.

ಇಪ್ಪತ್ತೈದರ ಆಸುಪಾಸಿನ ಈ ತಮಿಳು ಯುವತಿ ಹುಟ್ಟಿ ಬೆಳೆದದ್ದು ಸಿಂಗಪುರದಲ್ಲಿ. ಕುಟುಂಬ ಅಜ್ಜನ ಕಾಲಕ್ಕೇ ಇಲ್ಲಿ ನೆಲೆಸಿದೆ. ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ನನ್ನ ಬಳಿ ಬಂದಾಗ ಹೇಳಿಕೊಂಡದ್ದು ನಿದ್ರೆಯ ತೊಂದರೆಯನ್ನು. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡಿದಂತಾಗುತ್ತದೆ, ನಡುರಾತ್ರಿ ಕಳೆದರೂ ಕಣ್ಣು ಹತ್ತುವುದಿಲ್ಲ ಎಂದಳು. ದಿನಚರಿಯನ್ನು ಕೇಳುತ್ತಾ ಹೋದಂತೆ ಬೇರೆಯೇ ಸಂಗತಿಗಳು ಹೊರಬಂದವು. ಎರಡು ಹೊತ್ತೂ ತಲೆಸ್ನಾನ. ಚೀಲದಲ್ಲಿ ಸದಾ ಸುಗಂಧದ್ರವ್ಯದ ಬಾಟಲಿ. ಮನೆಯಿಂದ ಊಟದ ಡಬ್ಬಿ ಒಯ್ಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ರೈಲಿನಲ್ಲಿ ಅಮ್ಮ ಫೋನಿನಲ್ಲಿ ತಮಿಳು ಮಾತನಾಡಿದರೆ ಸಿಡುಕುತ್ತಾಳೆ, ಮನೆಗೆ ಬಂದ ಮೇಲೆ ಅದಕ್ಕಾಗಿ ಅಳುತ್ತಾಳೆ.

ಹಿನ್ನೆಲೆಯಲ್ಲಿದ್ದ ಘಟನೆಗಳು ಒಂದೊಂದೂ ಚಿಕ್ಕವು. ಕಚೇರಿಯಲ್ಲಿ ಗುಂಪಾಗಿ ಚಿತ್ರ ತೆಗೆಯುವಾಗ ಸಹೋದ್ಯೋಗಿಯೊಬ್ಬ, ‘ನೀನು ಹಲ್ಲು ತೋರಿಸು, ಇಲ್ಲದಿದ್ದರೆ ಕಾಣುವುದೇ ಇಲ್ಲ’ ಎಂದ. ಎಲ್ಲರೂ ನಕ್ಕರು, ಈಕೆಯೂ ನಕ್ಕಳು. ಸಭೆಗಳು ಇಂಗ್ಲಿಷಿನಲ್ಲಿ ಆರಂಭವಾಗಿ ಚೀನಿಯರ ಮ್ಯಾಂಡರಿನ್ ಭಾಷೆಗೆ ಹೊರಳುತ್ತವೆ, ಆಮೇಲೆ ಯಾರೋ ಒಬ್ಬರು ಎರಡು ವಾಕ್ಯದಲ್ಲಿ ಸಾರಾಂಶ ಹೇಳುತ್ತಾರೆ. ರೈಲಿನಲ್ಲಿ ಪಕ್ಕ ಕುಳಿತವರು ಎದ್ದು ಹೋದರೆ, ಅವರ ನಿಲ್ದಾಣ ಬಂತೋ, ನನ್ನ ಪಕ್ಕ ಕೂರಲು ಇಷ್ಟವಿಲ್ಲವೋ ಎಂದು ಲೆಕ್ಕ ಹಾಕುತ್ತಾಳೆ.

ಅವಮಾನದಷ್ಟೇ ಈ ಲೆಕ್ಕಾಚಾರವೂ ಆಕೆಯನ್ನು ಹಣ್ಣು ಮಾಡಿತ್ತು ಎಂಬುದು ನನ್ನ ಅಭಿಪ್ರಾಯ. ‘ಇದು ನಿಜವಾಗಿ ಜನಾಂಗೀಯ ನಿಂದನೆಯೇ, ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ ಅಕ್ಕಾ?’ ಎಂದು ಪದೇ ಪದೇ ಕೇಳುತ್ತಿದ್ದಳು. ಸಿಂಗಪುರದಲ್ಲಿ ಈ ಅನುಮಾನಕ್ಕೆ ಒಂದು ವಿಶೇಷ ಕಾರಣವೂ ಇದೆ. ತಮಿಳು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ದೀಪಾವಳಿಗೆ ಸರ್ಕಾರಿ ರಜೆ ಇದೆ. 1964ರಲ್ಲಿ ಚೀನೀಯರು ಮತ್ತು ಮಲಯರ ನಡುವೆ ನಡೆದ ಗಲಭೆಗಳ ನೆನಪಿಗೆ ಜುಲೈ 21ರಂದು ಶಾಲೆಗಳು ಜನಾಂಗೀಯ ಸೌಹಾರ್ದ ದಿನ ಆಚರಿಸುತ್ತವೆ. ಬಾಲ್ಯದಲ್ಲಿ ಆ ದಿನ ಪಾವಡೆ (ಉದ್ದ ಲಂಗ) ಉಟ್ಟು ಹೋದ ಈಕೆಯನ್ನು ಟೀಚರ್ ಮೆಚ್ಚಿಕೊಂಡಿದ್ದರು. ಮರುದಿನ ತರಗತಿಯ ಮಕ್ಕಳು ಅವಳ ಜಡೆಯ ಎಣ್ಣೆ ವಾಸನೆಗೆ ಮೂಗು ಮುಚ್ಚಿಕೊಂಡರು. ಇಷ್ಟೆಲ್ಲ ಗೌರವ ಕೊಟ್ಟಿರುವ ದೇಶದಲ್ಲಿ ದೂರುವುದೇ ಕೃತಘ್ನತೆ ಎಂಬ ಭಾವನೆ ಅವಳಲ್ಲಿ ಬೇರೂರಿತ್ತು. 2020ರ ಜನಗಣತಿಯಂತೆ ಇಲ್ಲಿನ ನಿವಾಸಿಗಳಲ್ಲಿ ಭಾರತೀಯ ಮೂಲದವರು ಶೇಕಡ 9ರಷ್ಟು. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಯಾರನ್ನು ಸಾಕ್ಷಿಗೆ ಕರೆಯುವುದು?

ನಾನು ಮೊದಲು ಹೇಳಿದ್ದು, ಹೇಳಿದವನ ಉದ್ದೇಶವನ್ನು ಸಾಬೀತು ಮಾಡುವ ಹೊಣೆ ನಿನ್ನದಲ್ಲ ಎಂದು. ಅವನ ಮನಸ್ಸಿನಲ್ಲಿ ಏನಿತ್ತು ಎನ್ನುವುದು ನಮಗೆ ತಿಳಿಯದು. ಆಡಿದ ಮಾತು ತಿಳಿದಿದೆ, ಅದು ನಿನ್ನ ನಿದ್ರೆಗೆ ಏನು ಮಾಡಿತು ಎಂಬುದೂ ತಿಳಿದಿದೆ. ಒಂದು ಪುಸ್ತಕದಲ್ಲಿ ದಿನಾಂಕ, ಆಡಿದ ಮಾತು ಹೇಗಿತ್ತೋ ಹಾಗೆಯೇ, ಎದುರಿಗಿದ್ದವರ ಹೆಸರು ಇಷ್ಟನ್ನು ಬರೆದಿಡಲು ಸೂಚಿಸಿದೆ. ಬರೆದ ಮೇಲೆ ಆ ದಿನದ ವಿಚಾರಣೆ ಮುಗಿಯಿತು, ಹಾಸಿಗೆಗೆ ಅದನ್ನು ಒಯ್ಯಬೇಡ ಎಂದೆ. ಮುಂದೆ ದೂರು ಕೊಡುವುದಾದರೆ ಅದೇ ಪುಸ್ತಕ ಆಧಾರವಾಗುತ್ತದೆ.

ಎರಡನೆಯದು ಉತ್ತರ ಕೊಡುವ ಅಭ್ಯಾಸ. ‘ಈ ಮಾತು ನನಗೆ ಹಿಡಿಸಲಿಲ್ಲ, ಮತ್ತೆ ಹೇಳಬೇಡ.’ ಇಷ್ಟೇ ವಾಕ್ಯ. ಅದನ್ನು ನನ್ನೆದುರು ಹೇಳಿಸಿದಾಗ ಪ್ರತಿ ಬಾರಿಯೂ ಕೊನೆಯ ಪದಕ್ಕೆ ಅವಳ ತುಟಿಯಂಚಿನಲ್ಲಿ ನಗು ಬರುತ್ತಿತ್ತು. ಎದುರಿನವರನ್ನು ಸಮಾಧಾನಪಡಿಸಲು ಚಿಕ್ಕಂದಿನಿಂದ ರೂಢಿಯಾದ ನಗು ಅದು. ವಾಕ್ಯ ಹೇಳಿ, ಬಾಯಿ ಮುಚ್ಚಿ, ಉಸಿರು ಬಿಡುವವರೆಗೆ ಸುಮ್ಮನಿರುವುದನ್ನು ಬಹಳ ಹೊತ್ತು ರೂಢಿಸಿದೆವು. ದಣಿದಿರುವ ದಿನ ಏನನ್ನೂ ಹೇಳದೆ ಎದ್ದು ಹೋಗಬಹುದು, ಅದು ಹೇಡಿತನವಲ್ಲ ಎಂದೂ ಸ್ಪಷ್ಟಪಡಿಸಿದೆ.

ಮೂರನೆಯ ಸಲಹೆ ಅಮ್ಮನೊಂದಿಗೆ ಮಾತನಾಡುವುದು. ಇದಕ್ಕೆ ಅವಳು ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಕೇಳಿದಾಗ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ತಾನೂ ಮಲ್ಲಿಗೆ ಮುಡಿಯುವುದನ್ನು ಬಿಟ್ಟಿದ್ದಾಗಿ ಅಮ್ಮ ಹೇಳಿದರಂತೆ. ಮಗಳಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಸಿಡುಕಿಗೆ ಕ್ಷಮೆ ಕೇಳಿದಳು. ನಿದ್ರೆ ಸುಧಾರಿಸಿದ್ದು ಆ ವಾರದಿಂದಲೇ.

ಕನ್ನಡಿಗರಿಗೆ ಇಲ್ಲಿ ಒಂದು ಮಾತು. ಸಿಂಗಪುರಕ್ಕೆ ಬರುವ ನಮ್ಮವರಲ್ಲಿ ಕೆಲವರು, ಇದೆಲ್ಲ ತಮಿಳರ ಪಾಡು, ನಾವು ಬೇರೆ ಎಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ತಮಿಳರನ್ನು ನಾವು ಯಾವ ಹೆಸರಿನಿಂದ ಹೀಯಾಳಿಸುತ್ತೇವೆ ಎಂಬುದನ್ನೂ ನೆನೆಯಬೇಕು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ಸಿಟ್ಟಿಗೆ ತಮಿಳುನಾಡಿನ ಬಸ್ಸುಗಳು ಅಲ್ಲಿ ಬೆಂಕಿಗೆ ಆಹುತಿಯಾದದ್ದು ಹಳೆಯ ಮಾತಲ್ಲ.

ಚಿತ್ರ ತೆಗೆಯುವಾಗ ಹಾಗೆ ಅಂದವನಿಗೆ ಆಕೆ ನಾವು ರೂಢಿಸಿದ ಆ ವಾಕ್ಯವನ್ನು ಹೇಳಿದಳು. ‘ನೀನು ತುಂಬಾ ಸೂಕ್ಷ್ಮ’ ಎಂದ. ಜೊತೆಯಲ್ಲಿದ್ದ ಮಲಯ ಸಹೋದ್ಯೋಗಿ, ‘ಇಲ್ಲ, ಆ ಮಾತು ನನಗೂ ಸರಿ ಕಾಣಲಿಲ್ಲ’ ಎಂದಳು. ಸಭೆಗಳ ಭಾಷೆಯ ವಿಷಯವನ್ನು ಆಕೆ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿದ್ದಾಳೆ. ನೇಮಕ, ಬಡ್ತಿಗಳಲ್ಲಿ ಜನಾಂಗದ ಆಧಾರದ ತಾರತಮ್ಯವನ್ನು ತಡೆಯುವ ಕಾನೂನನ್ನು ಸಿಂಗಪುರದ ಸಂಸತ್ತು 2025ರ ಜನವರಿಯಲ್ಲಿ ಅಂಗೀಕರಿಸಿದೆ ಎಂಬುದನ್ನೂ, ಕಚೇರಿ ಕಿವಿಗೊಡದಿದ್ದರೆ ಸಲಹೆ ಕೇಳಲು ಟ್ಯಾಫೆಪ್ ಎಂಬ ಸಂಸ್ಥೆ ಇದೆ ಎಂಬುದನ್ನೂ ತಿಳಿಸಿದ್ದೇನೆ. ಅಲ್ಲಿಗೆ ಹೋಗುವುದೋ ಬಿಡುವುದೋ ಆಕೆ ಇನ್ನೂ ತೀರ್ಮಾನಿಸಿಲ್ಲ. ನಾನು ಅವಸರಪಡಿಸುತ್ತಿಲ್ಲ.