ಹೊಲದ ಮಧ್ಯೆ ರಸ್ತೆ ಹಾಕೋಕೆ ಮೊದ್ಲು ಪುರಾತತ್ವದವರು ಯಾಕೆ ಅಗೀತಾರೆ? ನಿಜವಾಗ್ಲೂ ಏನಾದ್ರೂ ಸಿಗತ್ತಾ?

ನೀವು ಕೇಳಿರೋದು ಇಷ್ಟು: ಐರ್ಲೆಂಡಲ್ಲಿ ಹಳ್ಳಿ ಕಡೆ ರಸ್ತೆ ಬರೋಕೆ ಮೊದ್ಲೇ ಆರ್ಕಿಯಾಲಜಿಯವರು ಪೂರ್ತಿ ಮಾರ್ಗದಲ್ಲಿ ಟೆಸ್ಟ್ ಅಗೆತ ಮಾಡ್ತಾರಂತೆ, ಅದ್ರಲ್ಲಿ ಏನಾದ್ರೂ ಸಿಗತ್ತಾ ಇಲ್ಲಾ ಸುಮ್ನೆ ದುಡ್ಡು ದಂಡಾನಾ, ನಮ್ಮಲ್ಲಿ ಯಾಕಿಲ್ಲ ಅಂತ. ನಾನು ಹಾಸನದ ಕಡೆಯೋನು, ಅಲ್ಲಿ ಓದೋಕೆ ಹೋಗಿ ಆಮೇಲೆ ಎರಡು ವರ್ಷ ಒಂದು ಕಂಪನಿಲಿ ಇದೇ ಕೆಲ್ಸ ಮಾಡ್ದೆ, ಈಗ ಊರಿಗೆ ವಾಪಸ್ ಬಂದಿದೀನಿ. ಭಾನುವಾರ ಫೋನ್ ಮಾಡಿದ್ರೆ ಅಪ್ಪ ಕೇಳ್ತಿದ್ದ ಮೊದ್ಲನೇ ಮಾತೇ "ನಿಧಿ ಸಿಕ್ತೇನೋ?" ಅಂತ. ಇಲ್ಲಪ್ಪ, ಇವತ್ತೂ ಬರೀ ಕೆಸರು.

ನಿಜವಾಗ್ಲೂ ಬಹಳ ದಿನ ಏನೂ ಸಿಗಲ್ಲ. ಆದ್ರೆ "ಇಲ್ಲಿ ಏನೂ ಇಲ್ಲ" ಅಂತ ಬರ್ಕೊಡೋದೂ ನಮ್ ಕೆಲ್ಸಾನೇ, ಯಾಕಂದ್ರೆ ರೋಡ್ ಇಂಜಿನಿಯರಿಗೆ ಬೇಕಾಗಿರೋದು ಅದೇ. ಅರ್ಧ ರಸ್ತೆ ಆದ್ಮೇಲೆ ಅಸ್ಥಿಪಂಜರ ಎದ್ದು ಬಂದು ಐವತ್ತು ಮೆಷಿನ್ನು ಬಾಡಿಗೆ ಎಣಿಸ್ಕೊಂಡು ನಿಂತ್ಕೊಳೋದಕ್ಕಿಂತ ಮೊದ್ಲೇ ನೋಡ್ಕೊಳೋದು ಅಗ್ಗ. ಅಲ್ಲಿ ರಾಷ್ಟ್ರೀಯ ರಸ್ತೆಗಳನ್ನ ಮಾಡೋ ಸಂಸ್ಥೆ 2000ನೇ ಇಸವಿಲಿ ಪುರಾತತ್ವದ ಮಂತ್ರಿ ಜೊತೆ ಇದಕ್ಕೇ ಅಂತ ಒಪ್ಪಂದ ಮಾಡ್ಕೊಂಡು, ತನ್ನಲ್ಲೇ ಪುರಾತತ್ವಜ್ಞರನ್ನ ಇಟ್ಕೊಂಡಿದೆ. ಖರ್ಚು ರಸ್ತೆ ಬಜೆಟ್ಟಿಂದಾನೇ ಬರತ್ತೆ.

ಕೆಲ್ಸ ಹೇಗೆ ಅಂದ್ರೆ, ಮೊದ್ಲು ಮ್ಯಾಪ್ ನೋಡ್ತಾರೆ. 1830-40ರ ದಶಕದಲ್ಲಿ ಬ್ರಿಟಿಷರು ಇಡೀ ಐರ್ಲೆಂಡ್ ಅಳೆದು ಮೈಲಿಗೆ ಆರು ಇಂಚಿನ ಲೆಕ್ಕದಲ್ಲಿ ನಕ್ಷೆ ಮಾಡಿದ್ರು, ಅದ್ರಲ್ಲಿ ಬೇಲಿ, ಬಾವಿ, ಈಗ ಉತ್ತು ಸಪಾಟಾಗಿರೋ ಮಣ್ಣಿನ ಕೋಟೆ ಎಲ್ಲಾ ಇದೆ. ಆಮೇಲೆ ವಿಮಾನದಿಂದ ತೆಗ್ದಿರೋ ಫೋಟೋ, ನೆಲದ ಕಾಂತತ್ವದ ಏರುಪೇರು ಅಳೆಯೋ ಮ್ಯಾಗ್ನೆಟೋಮೀಟರ್ ಹಿಡ್ಕೊಂಡು ಹೊಲ ಸುತ್ತೋದು. ಇಷ್ಟೆಲ್ಲಾ ಮಾಡಿದ್ರೂ ನೆಲದೊಳಗಿರೋದು ಪೂರ್ತಿ ಗೊತ್ತಾಗಲ್ಲ, ಅದಕ್ಕೇ ಲೈಸೆನ್ಸ್ ತಗೊಂಡು ಟೆಸ್ಟ್ ಟ್ರೆಂಚ್, ಅಂದ್ರೆ ಪರೀಕ್ಷೆಗೆ ಅಂತ ತೋಡೋ ಕಂದಕ. ರಸ್ತೆ ಬರೋ ಜಾಗದ ನಡುಮಧ್ಯೆ ಎರಡು ಮೀಟರ್ ಅಗಲದ ಒಂದು ಉದ್ದ ಟ್ರೆಂಚು, ಅದ್ರಿಂದ ಎಡಕ್ಕೆ ಬಲಕ್ಕೆ ಮೀನಿನ ಮುಳ್ಳಿನ ಥರ ಕವಲು. ಜೆಸಿಬಿ ಥರದ ಮೆಷಿನ್ನೇ, ಆದ್ರೆ ಬಕೆಟ್ಟಿಗೆ ಹಲ್ಲು ಇರಲ್ಲ. ಹಲ್ಲಿದ್ರೆ ನೆಲ ಗೀರಿ ಹೋಗಿ ಎಲ್ಲಾ ಕಲಸುಮೇಲೋಗರ ಆಗ್ಬಿಡತ್ತೆ. ಒಳ್ಳೆ ಆಪರೇಟರ್ ಸಿಕ್ಕಿದ್ರೆ ಕಾವಲಿಯಿಂದ ದೋಸೆ ಎಬ್ಬಿಸೋ ಹಾಗೆ ಮಣ್ಣನ್ನ ಪದರ ಪದರವಾಗಿ ಎತ್ತುತಾನೆ, ನಾವು ಮುಂದೆ ನಿಂತ್ಕೊಂಡು ಮಳೇಲಿ ನೆನೀತಾ ನೆಲ ನೋಡ್ತಿರ್ಬೇಕು. ಕಣ್ಣು ಒಂದು ನಿಮಿಷ ಆ ಕಡೆ ಹೋಯ್ತು ಅಂದ್ರೆ ಎರಡು ಸಾವಿರ ವರ್ಷ ಬಕೆಟ್ಟಲ್ಲಿ ಹೋಗಿರತ್ತೆ.

ನೋಡೋದು ವಸ್ತು ಅಲ್ಲ, ಬಣ್ಣ. ಇದು ನಂಗೆ ಅರ್ಥ ಆಗೋಕೇ ಒಂದು ತಿಂಗಳು ಬೇಕಾಯ್ತು. ಮೇಲ್ಮಣ್ಣು ತೆಗೆದ್ರೆ ಕೆಳಗೆ ಯಾರೂ ಮುಟ್ಟದೇ ಇರೋ ಹಳದಿ ಜೇಡಿ, ಅದ್ರ ಮೇಲೆ ಎಲ್ಲಾದ್ರೂ ಕಪ್ಪು ಮಚ್ಚೆ ಕಂಡ್ರೆ ಯಾವತ್ತೋ ಯಾರೋ ಅಲ್ಲಿ ಗುಂಡಿ ತೋಡಿದಾರೆ ಅಂತ ಅರ್ಥ. ಕಂಬದ ಗುಂಡಿ, ಒಲೆ, ಕಾಲುವೆ, ಯಾವುದೇ ಇರ್ಲಿ, ಒಳಗೆ ತುಂಬ್ಕೊಂಡಿರೋ ಮಣ್ಣು ಬೇರೆ ಬಣ್ಣದ್ದಿರತ್ತೆ. ಒಣಗಿದ್ರೆ ಕಾಣಲ್ಲ, ನೀರು ಚಿಮುಕಿಸಿದ್ರೆ ಕಾಣತ್ತೆ. ಆಮೇಲೆ ಕರಣೆ ಹಿಡ್ಕೊಂಡು ಕೂತು ಗುಂಡೀನ ಅರ್ಧ ಮಾತ್ರ ತೆಗೀಬೇಕು, ಇನ್ನರ್ಧ ಹಾಗೇ ನಿಂತಿದ್ರೆ ಮಣ್ಣು ಯಾವ ಕ್ರಮದಲ್ಲಿ ತುಂಬ್ತು ಅಂತ ಗೋಡೆ ಥರ ಕಾಣತ್ತೆ. ನಾನು ಮೊದ್ಲನೇ ಸಲ "ಇಲ್ಲಿ ಗುಂಡಿ ಇದೆ!" ಅಂತ ಕೂಗಿ ಅರ್ಧ ದಿನ ಕೂತು ಅಗೆದಿದ್ದು ಮೊಲದ ಬಿಲ. ಸೂಪರ್‌ವೈಸರ್ ಏನೂ ಹೇಳ್ಲಿಲ್ಲ, ಟೀ ಕೊಟ್ಲು ಅಷ್ಟೆ.

ಇನ್ನೊಂದ್ಸಲ ಟ್ರೆಂಚಲ್ಲಿ ಒಂದೇ ಸಮ ಸಾಲು ಸಾಲಾಗಿ ಕಪ್ಪು ಪಟ್ಟೆ ಬಂತು, ಎಲ್ರೂ ಫೋಟೋ ಕೂಡ ಸರಿಯಾಗಿ ತೆಗೀದೆ ಮುಂದೆ ಹೋದ್ರು, ನಾನು ಮಾತ್ರ ಅಲ್ಲೇ ನಿಂತೆ. ಆಲೂಗಡ್ಡೆ ಏರುಮಡಿ! ಹತ್ತೊಂಬತ್ತನೇ ಶತಮಾನದಲ್ಲಿ ಬಡವರು ಸಲಿಕೇಲಿ ಮಣ್ಣು ಮಗುಚಿ ಎಬ್ಬಿಸಿದ ಸಾಲುಗಳು, 1845ರಿಂದ ಬೆಳೆ ಕೊಳೆತು ದೇಶದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತ ಕಾಲದ ಕೃಷಿ. ಆ ಕೊಳೆರೋಗಾನೇ ನಮ್ಮ ಹಾಸನದ ಆಲೂಗಡ್ಡೆಗೂ ಬರೋ ಅಂಗಮಾರಿ. ಅಪ್ಪಂಗೆ ಫೋಟೋ ಕಳ್ಸಿದ್ರೆ "ಸಾಲು ಸ್ವಲ್ಪ ಅಗಲ ಜಾಸ್ತಿ" ಅಂದ್ರು.

ಅಲ್ಲಿ ಅತಿ ಹೆಚ್ಚು ಸಿಗೋದು ಫುಲಾಖ್ತ್ ಫಿಯಾ ಅಂತ ಕರೆಯೋ ಸುಟ್ಟ ಕಲ್ಲಿನ ದಿಬ್ಬ. ಹೊಳೆ ಪಕ್ಕದ ಜೌಗಲ್ಲಿ ಮಸಿ ಥರ ಕಪ್ಪು ಮಣ್ಣು, ಅದ್ರ ತುಂಬಾ ಬೆಂಕಿಗೆ ಕಾದು ನೀರಿಗೆ ಬಿದ್ದು ಒಡೆದ ಕಲ್ಲಿನ ಚೂರು. ಕೆಳಗೆ ತೊಟ್ಟಿ ಥರ ಒಂದು ಗುಂಡಿ. ಕಲ್ಲು ಕಾಯಿಸಿ ನೀರಿಗೆ ಹಾಕಿ ನೀರು ಕುದಿಸ್ತಿದ್ರು, ಹೆಚ್ಚಿನವು ಕಂಚಿನ ಯುಗದ್ದು. ಮಾಂಸ ಬೇಯಿಸೋಕಾ, ಸ್ನಾನಕ್ಕಾ, ಬಟ್ಟೆಗೆ ಬಣ್ಣ ಹಾಕೋಕಾ, ಬಿಯರ್ ಮಾಡೋಕಾ ಅಂತ ಇನ್ನೂ ಜಗಳ ಇದೆ. ನನ್ನ ಟ್ರೆಂಚಲ್ಲಿ ಸಿಕ್ಕಿದ್ದರ ತೊಟ್ಟಿ ತಳದಲ್ಲಿ ಓಕ್ ಹಲಗೆ ಹಾಗೇ ಇತ್ತು, ನೀರಲ್ಲೇ ಇದ್ದಿದ್ರಿಂದ ಕೊಳೆತಿರ್ಲಿಲ್ಲ, ಕೊಡಲಿ ಏಟಿನ ಗುರುತು ಬೆರಳಿಗೆ ಸಿಗ್ತಿತ್ತು. ಗಾಳಿ ತಾಗಿದ್ರೆ ಬಿರುಕು ಬಿಡತ್ತೆ ಅಂತ ಒದ್ದೆ ಗೋಣಿ ಹೊದಿಸಿ ರಾತ್ರಿ ಬಿಟ್ಟು ಹೋದ್ವಿ, ಮಗು ಮಲಗಿಸಿದ ಹಾಗೆ.

ಈಗ ಮುಖ್ಯ ಪ್ರಶ್ನೆ, ಸಿಕ್ಕಿದ್ರೆ ರಸ್ತೆ ನಿಲ್ಲತ್ತಾ? ಸಾಮಾನ್ಯವಾಗಿ ಇಲ್ಲ. ಪೂರ್ತಿ ಅಗೆದು, ಬರೆದು, ಮಣ್ಣಿನ ಸ್ಯಾಂಪಲ್ ತಗೊಂಡು, ಆಮೇಲೆ ಡಾಂಬರು. ಆದ್ರೆ ವಾಟರ್‌ಫರ್ಡ್ ಹತ್ರ ವುಡ್ಸ್‌ಟೌನ್ ಅಂತ ಇದೆ, 2003ರಲ್ಲಿ ಬೈಪಾಸ್ ರಸ್ತೆಗೆ ಟೆಸ್ಟ್ ಅಗೆತ ಮಾಡ್ವಾಗ ನದಿ ದಡದಲ್ಲಿ ವೈಕಿಂಗರ ನೆಲೆ ಸಿಕ್ತು, ಒಂಬತ್ತನೇ ಶತಮಾನದ್ದು, ಬೆಳ್ಳಿ ತುಂಡು, ತೂಕದ ಸೀಸದ ಬಟ್ಟು, ಕತ್ತಿ ಸಮೇತ ಹೂತಿದ್ದ ಯೋಧನ ಸಮಾಧಿ. ರಸ್ತೇನೇ ಪಕ್ಕಕ್ಕೆ ಸರಿಸಿದ್ರು. ಐರ್ಲೆಂಡಿನ ಹಳೇ ರಾಜರ ಜಾಗ ಅನ್ನೋ ತಾರಾ ಬೆಟ್ಟದ ಹತ್ರ ಲಿಸ್‌ಮುಲ್ಲಿನ್‌ದು ಉಲ್ಟಾ. ಎಂ3 ಮೋಟಾರ್‌ವೇ ಮಾರ್ಗ ಎಲ್ಲಾ ಫಿಕ್ಸ್ ಆದ್ಮೇಲೆ 2007ರಲ್ಲಿ ಸುಮಾರು 80 ಮೀಟರ್ ಅಗಲದ ಒಂದು ವೃತ್ತ ಬಂತು, ಎರಡು ಸಾವಿರ ವರ್ಷಕ್ಕೂ ಹಿಂದಿಂದು. ಅಲ್ಲಿ ಗೋಡೆ ಇಲ್ಲ ಕಲ್ಲಿಲ್ಲ, ಕೋಲು ನೆಟ್ಟಿದ್ದ ಜಾಗದ ಕಪ್ಪು ಚುಕ್ಕಿಗಳು ಅಷ್ಟೆ. ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆ ಆಯ್ತು, ಆದ್ರೂ ದಾಖಲೆ ಮಾಡಿ ರಸ್ತೆ ಹಾಕಿದ್ರು, 2010ರಲ್ಲಿ ಓಪನ್ ಆಯ್ತು. ಅದು ತಪ್ಪು ಅಂತ ನನ್ನ ಅಭಿಪ್ರಾಯ, ನನ್ ಜೊತೆ ಕೆಲ್ಸ ಮಾಡ್ದವರಲ್ಲೇ ಅರ್ಧ ಜನ ಒಪ್ಪಲ್ಲ. ಅಗೆದಿದ್ದು ಮತ್ತೆ ಬರಲ್ಲ, ಕಾಗದದ ಮೇಲೆ ಮಾತ್ರ ಉಳಿಯತ್ತೆ, ಅದಕ್ಕೇ ಮಾರ್ಗ ಇನ್ನೂ ಪೆನ್ಸಿಲಲ್ಲಿರೋವಾಗ್ಲೇ ಟೆಸ್ಟ್ ಮಾಡ್ಬೇಕು.

(ಅಂದ ಹಾಗೆ ಅಲ್ಲೂ ನಮ್ಮ ನಾಗರಕಟ್ಟೆ ಥರಾನೇ ಇದೆ. 1999ರಲ್ಲಿ ಕ್ಲೇರ್ ಕೌಂಟಿಲಿ ಲಟೂನ್ ಅನ್ನೋ ಕಡೆ ಒಂದು ಮುಳ್ಳುಗಿಡ ಯಕ್ಷಿಣಿಯರದ್ದು, ಕಡಿದ್ರೆ ಕೇಡು ಅಂತ ಒಬ್ರು ಕಥೆ ಹೇಳೋರು ಹೋರಾಟ ಮಾಡಿದ್ರು, ಗಿಡ ಬಿಟ್ಟು ರಸ್ತೆ ಹೋಯ್ತು.)

ನಮ್ಮಲ್ಲಿ? ಘೋಷಿತ ಕೇಂದ್ರ ಸ್ಮಾರಕದ ಸುತ್ತ 100 ಮೀಟರ್ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರಿಗೆ ಪರ್ಮಿಶನ್ ಬೇಕು. ಪಟ್ಟಿಲಿ ಇಲ್ಲದ ಜಾಗಕ್ಕೆ ಹಳ್ಳಿ ರಸ್ತೆ ಬಂದ್ರೆ ಮುಂಚೆ ಅಗೆದು ನೋಡೋ ಪದ್ಧತಿ ಇಲ್ಲ. ಇರೋದು ಮಾತ್ರ ಎಷ್ಟು ಅಂತೀರಿ. ಬಳ್ಳಾರಿ-ಹೊಸಪೇಟೆ ರಸ್ತೆಲಿ ಕುಡತಿನಿ ಬೂದಿ ದಿಬ್ಬ ನೋಡಿದೀರಾ? ನೂತನ ಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಸುಟ್ಟ ಬೂದಿ ಅದು. ಇಂಥದ್ದೇ ಇನ್ನೊಂದು ದಿಬ್ಬಾನ ತೆಲಂಗಾಣದ ಉಟ್ನೂರಲ್ಲಿ 1957ರಲ್ಲಿ ಆಲ್ಚಿನ್ ಅನ್ನೋ ಬ್ರಿಟಿಷ್ ಪುರಾತತ್ವಜ್ಞ ಅಗೆದಾಗ ದನದ ಗೊರಸಿನ ಗುರುತು ಹಾಗೇ ಸಿಕ್ಕಿತ್ತು. ಅಂಥ ಗುರುತು ಜೆಸಿಬಿ ಹಲ್ಲಿಗೆ ಉಳಿಯತ್ತಾ ಹೇಳಿ.

ಹೋದ ವರ್ಷ ನಮ್ಮೂರ ಹತ್ರ ಕೆರೆ ಏರಿ ರಸ್ತೆ ಅಗಲ ಮಾಡ್ವಾಗ ಮೋರಿಗೆ ಹಾಸಿದ್ದ ಹಳೇ ಚಪ್ಪಡಿ ಎತ್ತಿ ಪಕ್ಕಕ್ಕೆ ಎಸೆದಿದ್ರು, ಅಪ್ಪ ಹೊಲಕ್ಕೆ ಹೋಗೋವಾಗ ನೋಡಿ "ಇದ್ರಲ್ಲಿ ಕುದುರೆ ಕಾಲು ಇದೆ ಕಣೋ" ಅಂತ ಫೋನ್ ಮಾಡಿದ್ರು. ನಾಲ್ಕು ಜನ ಹಾರೆ ಹಾಕಿ ಮಗುಚಿದ್ವಿ, ವೀರಗಲ್ಲು. ಕೆಳಗೆ ಕಾಳಗ, ಮಧ್ಯೆ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಲಿಂಗ, ಸೂರ್ಯ ಚಂದ್ರ, ಪಟ್ಟಿಕೆ ಮೇಲೆ ಸವೆದ ಎರಡು ಸಾಲು ಅಕ್ಷರ. ಮೋರಿಗೆ ಬರೋಕೆ ಮುಂಚೆ ಅದು ಎಲ್ಲಿ ನಿಂತಿತ್ತು, ಆ ಕಾಳಗ ಯಾವ ಊರ ಗಡೀಲಿ ಆಯ್ತು ಅಂತ ಈಗ ಹೇಳೋರಿಲ್ಲ. ತಾಲ್ಲೂಕು ಆಫೀಸಿಗೆ ಫೋಟೋ ಸಮೇತ ಅರ್ಜಿ ಕೊಟ್ಟಿದೀನಿ. ಸದ್ಯಕ್ಕೆ ಅರಳಿಕಟ್ಟೆ ಪಕ್ಕ ನಿಲ್ಲಿಸಿದೀವಿ, ಮಂಗಳವಾರ ಮಂಗಳವಾರ ಯಾರೋ ಕುಂಕುಮ ಹಚ್ಚಿ ಹೋಗ್ತಾರೆ, ಹಚ್ಚಿ ಪರವಾಗಿಲ್ಲ ಆದ್ರೆ ಅಕ್ಷರದ ಮೇಲೆ ಎಣ್ಣೆ ಹುಯ್ಬೇಡಿ ಅಂತ ಹೇಳಿ ಹೇಳಿ ನಂಗೆ ಸಾಕಾಗಿದೆ.