ಎರಡನೇ ವರ್ಷದಲ್ಲಿ ಬಿ.ಎ.ಬಿ.ಇಡಿ. ಬಿಡಲು ಹೊರಟವಳು

(ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಗೀತಾಗೆ 19 ವರ್ಷ. ಹಾನಗಲ್ ಕಡೆಯ ರೈತರ ಮನೆ ಹುಡುಗಿ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಆಸೆಯಿಂದ ದಕ್ಷಿಣದ ಜಿಲ್ಲೆಯೊಂದರಲ್ಲಿ ಪದವಿ ಮತ್ತು ಶಿಕ್ಷಕ ತರಬೇತಿ ಎರಡೂ ಒಟ್ಟಿಗಿರುವ ನಾಲ್ಕು ವರ್ಷದ ಸಂಯೋಜಿತ ಬಿ.ಎ.ಬಿ.ಇಡಿ. ಸೇರಿದ್ದಳು. ಎರಡನೇ ವರ್ಷದ ನಡುವೆ ಸಲಹೆ ಕೇಳಲು ಅಣ್ಣನೊಂದಿಗೆ ನನ್ನ ಬಳಿ ಬಂದಳು.

"ನನಗ ಪಾಠಾ ಮಾಡಾಕ ಬರೂದಿಲ್ರೀ ಮೇಡಂ. ಹುಡುಗ್ರು ನನ್ನ ಮಾತು ಅಣಕಸ್ತಾರ."

ಅಣ್ಣನ ತೀರ್ಮಾನ ಆಗಲೇ ಆಗಿತ್ತು: ಇದನ್ನು ಬಿಟ್ಟು ಬರೀ ಬಿ.ಎ. ಮಾಡಲಿ, ಕೆ.ಎ.ಎಸ್.ಗೆ ಓದಲಿ. ಅವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ನಿದ್ದೆ, ಊಟ ವಿಚಾರಿಸಿದೆ. ಪಾಠ ಮಾಡುವ ಅಭ್ಯಾಸಕ್ಕೆಂದು ಶಾಲೆಗೆ ಹೋಗಬೇಕಾದ ದಿನದ ಹಿಂದಿನ ರಾತ್ರಿ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಉಳಿದಂತೆ ಗೆಳತಿಯರು, ಓದು, ಹಾಸ್ಟೆಲು ಎಲ್ಲವೂ ಸರಿಯಾಗಿಯೇ ಇತ್ತು. ಹಾಗಾದರೆ ಅವಳಿಗೆ ಕೋರ್ಸ್ ಬೇಡವಾಗಿಲ್ಲ, ಅಲ್ಲಿ ಎಂಟನೇ ತರಗತಿಗೆ ಪಾಠ ಮಾಡಬೇಕಾದ ಆ ಒಂದು ಪೀರಿಯಡ್ ಭಯ ಹುಟ್ಟಿಸಿದೆ ಎಂದು ನನಗನ್ನಿಸಿತು. ಏನು ಪಾಠ ಮಾಡಿದೆ ಎಂದು ಕೇಳಿದರೆ ರಾಜರ ಹೆಸರು, ಇಸವಿ ಒಪ್ಪಿಸಿದಳು. ನಿಮ್ಮೂರಲ್ಲಿ ಹಳೆಯದೇನಿದೆ ಎಂದಾಗ ದನಿಯೇ ಬೇರೆಯಾಯಿತು. ಕೆರೆ ಏರಿಯ ಮೇಲಿನ ವೀರಗಲ್ಲು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಎದುರಿಗೇ ಕಲ್ಲು ಇದೆಯೇನೋ ಎಂಬಂತೆ ವಿವರಿಸಿದಳು. ಇಷ್ಟು ಚೆನ್ನಾಗಿ ಹೇಳಬಲ್ಲ ಹುಡುಗಿ ಪಾಠ ಮಾಡಲು ಬರುವುದಿಲ್ಲ ಅನ್ನುವುದನ್ನು ನಾನು ಒಪ್ಪಲಿಲ್ಲ.

ಮುಂದಿನ ಪಾಠಕ್ಕೆ ಆ ವೀರಗಲ್ಲಿನ ಫೋಟೋ ಒಯ್ಯಲು ಹೇಳಿದೆ. ಮೊದಲು ನಾಲ್ಕೈದು ಗೆಳತಿಯರೆದುರು ಆರೇಳು ನಿಮಿಷದ ಸೂಕ್ಷ್ಮ ಬೋಧನೆ, ಅದರಲ್ಲೂ ಪ್ರಶ್ನೆ ಕೇಳುವ ಕೌಶಲವೊಂದನ್ನೇ ಅಭ್ಯಾಸ ಮಾಡಬೇಕು. ಮಾತಿನ ಧಾಟಿ ಬದಲಿಸಬೇಕಿಲ್ಲ, ಸ್ವಲ್ಪ ನಿಧಾನಿಸಿದರೆ ಸಾಕು. ತಾನು ಯಾವ ಸೀಮೆಯವಳೆಂದು ಮಕ್ಕಳಿಗೆ ತಾನೇ ಮೊದಲು ಹೇಳಿಬಿಡುವುದು ಒಳ್ಳೆಯದು.

ಆಮೇಲೆ ಅಣ್ಣನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) 2014ರ ನಿಯಮಗಳ ನಂತರ ಬಿ.ಇಡಿ. ಎರಡು ವರ್ಷದ್ದು. ಮೂರು ವರ್ಷದ ಬಿ.ಎ. ಸೇರಿದರೆ ಒಟ್ಟು ಐದು. ಇಲ್ಲಿ ನಾಲ್ಕು, ಅದರಲ್ಲಿ ಒಂದೂವರೆ ಆಗಲೇ ಕಳೆದಿದೆ. ಕೆ.ಎ.ಎಸ್.ಗೆ ಯಾವ ಪದವಿಯಾದರೂ ನಡೆಯುತ್ತದೆ; ಇದನ್ನು ಮುಗಿಸಿಯೂ ಬರೆಯಬಹುದು, ಇತಿಹಾಸದಲ್ಲಿ ಎಂ.ಎ. ಕೂಡ ಮಾಡಬಹುದು. ಬಿಡಲೇಬೇಕೆಂದರೆ ಟಿ.ಸಿ. ಪಡೆಯುವ ಮೊದಲು, ಗಳಿಸಿದ ಕ್ರೆಡಿಟ್‌ಗಳು ಬೇರೆಡೆ ಸಲ್ಲುತ್ತವೆಯೇ ಎಂದು ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಪಡೆಯಿರಿ ಎಂದೆ.

ನೌಕರಿಯ ವಿಷಯದಲ್ಲಿ ಸಿಹಿ ಮಾತಾಡಲಿಲ್ಲ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎಂಟನೇ ತರಗತಿವರೆಗೆ ಕಲಿಸುವ ಅರ್ಹತೆಗೆ ಮಾತ್ರ. ಅದು ಪಾಸಾದರೆ ಹುದ್ದೆ ಸಿಕ್ಕಿತೆಂದಲ್ಲ. ಸರ್ಕಾರಿ ಹೈಸ್ಕೂಲಿಗೆ ಸ್ಪರ್ಧಾತ್ಮಕ ಪರೀಕ್ಷೆ ಎದುರಿಸಬೇಕು, ಅಧಿಸೂಚನೆಗೆ ಕಾಯಬೇಕು, ಅಲ್ಲಿಯವರೆಗೆ ಖಾಸಗಿ ಶಾಲೆಯ ಕಡಿಮೆ ಸಂಬಳಕ್ಕೂ ಸಿದ್ಧವಿರಬೇಕು. ತನ್ನ ಐಚ್ಛಿಕ ವಿಷಯಗಳ ಜೋಡಿ ನೇಮಕಾತಿ ನಿಯಮಕ್ಕೆ ಹೊಂದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಲು ಗೀತಾಗೆ ಹೇಳಿದೆ. ಹೊಂದುವುದಿಲ್ಲವೆಂದು ಕೊನೆಯ ವರ್ಷದಲ್ಲಿ ಗೊತ್ತಾಗಿ ಅತ್ತವರನ್ನು ಕಂಡಿದ್ದೇನೆ.

ಸೆಮಿಸ್ಟರ್ ಮುಗಿಯುವ ಮೊದಲು ಮತ್ತೆ ಬಂದಳು. ಅಣಕಿಸುವವರು ಇನ್ನೂ ಇದ್ದಾರಂತೆ. ಆದರೆ ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರ ಏಕೆಂದು ಒಬ್ಬ ಹುಡುಗ ಕೇಳಿದನಂತೆ. ಅವು ಇರುವವರೆಗೂ ವೀರನ ಹೆಸರು ಉಳಿಯಲಿ ಅಂತ, ಎಂದಳಂತೆ. ಅದರ ಮೇಲೆ ಪೀರಿಯಡ್ ಪೂರ್ತಿ ಪ್ರಶ್ನೆಗಳೇ. ಶಾಲಾ ಇಂಟರ್ನ್‌ಶಿಪ್ ಮುಗಿಯುವವರೆಗೆ ಕೋರ್ಸ್ ಬಿಡುವ ಮಾತು ಎತ್ತುವುದಿಲ್ಲ ಎಂದಿದ್ದಾಳೆ. ಅಣ್ಣನಿಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿಯವರೆಗೆ ಒತ್ತಾಯ ಮಾಡದಿರಲು ಒಪ್ಪಿದ್ದಾನೆ.